ಹಳ್ಳಿಯ ಗರ್ಭಿಣಿಯರಿಗೆ ಫೋನ್ ನೆರವು: ಶುರು ಮಾಡುವುದು ಹೇಗೆ?

"ಯಾವ ಆ್ಯಪ್ ಒಳ್ಳೆಯದು?" ಹಳ್ಳಿಯ ಗರ್ಭಿಣಿಯರಿಗಾಗಿ ಏನಾದರೂ ಮಾಡಬೇಕು ಎಂದು ಹೊರಟವರು ನನ್ನನ್ನು ಮೊದಲು ಕೇಳುವುದೇ ಇದನ್ನು. ಮಹಿಳಾ ಸಂಘದವರು ಕೇಳುತ್ತಾರೆ, ಯುವಕರ ತಂಡದವರು ಕೇಳುತ್ತಾರೆ, ಆರೋಗ್ಯ ಕಾರ್ಯಕರ್ತೆಯರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಉತ್ತರವನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಆ್ಯಪ್ ವಿಷಯ ಆಮೇಲೆ ನೋಡೋಣ. ಮೊದಲು ಎರಡು ಸಂಗತಿ ಗಟ್ಟಿ ಮಾಡಿಕೊಳ್ಳಿ. ಆಕೆ ಕರೆ ಮಾಡಿದರೆ ಎತ್ತುವವರು ಒಬ್ಬರು ಇರಬೇಕು. ಆಸ್ಪತ್ರೆಗೆ ಹೋಗಬೇಕು ಅಂದಾಗ ಒಂದು ಗಾಡಿ ಸಿಗಬೇಕು. ಇವೆರಡೂ ಇಲ್ಲದೆ ನೂರು ಸಂದೇಶ ಕಳಿಸಿದರೂ ಏನೂ ಆಗುವುದಿಲ್ಲ.

ಇದನ್ನು ಸುಮ್ನೆ ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2023ರಲ್ಲೂ ಜಗತ್ತಿನಲ್ಲಿ ದಿನಕ್ಕೆ 700ಕ್ಕಿಂತ ಹೆಚ್ಚು ಹೆಂಗಸರು ಬಸಿರು, ಹೆರಿಗೆಯ ತೊಂದರೆಗಳಿಂದ ಸತ್ತಿದ್ದಾರೆ. ಇವುಗಳಲ್ಲಿ ಬಹುಪಾಲು ಸಾವುಗಳನ್ನು ತಪ್ಪಿಸಬಹುದಿತ್ತು. ಯಾಕೆ ತಪ್ಪುತ್ತಿಲ್ಲ ಎಂದು ನೋಡಿದವರು ಮೂರು ಕಡೆ ತಡವಾಗುತ್ತದೆ ಎನ್ನುತ್ತಾರೆ: ಹೋಗಬೇಕು ಎಂದು ಮನೆಯವರು ತೀರ್ಮಾನಿಸುವುದರಲ್ಲಿ, ಆಸ್ಪತ್ರೆ ಮುಟ್ಟುವುದರಲ್ಲಿ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ. ಸಂದೇಶ ಕಳಿಸಿದರೆ ಮೊದಲನೆಯ ತಡಕ್ಕೆ ಮಾತ್ರ ಮದ್ದು ಸಿಕ್ಕ ಹಾಗೆ.

ಪೂರ್ವ ಆಫ್ರಿಕಾದ ಜಾಂಜಿಬಾರ್ ದ್ವೀಪದಲ್ಲಿ ಗರ್ಭಿಣಿಯರಿಗೆ ಎಸ್‌ಎಂಎಸ್ ಮತ್ತು ಕರೆ ಮಾಡಲು ವೋಚರ್ ಕೊಟ್ಟು ಒಂದು ದೊಡ್ಡ ಪರೀಕ್ಷೆ ಮಾಡಿದ್ದರು. ನಾಲ್ಕು ಅಥವಾ ಹೆಚ್ಚು ಬಾರಿ ತಪಾಸಣೆಗೆ ಬಂದವರು ಫೋನ್ ನೆರವು ಇದ್ದ ಗುಂಪಿನಲ್ಲಿ 44%, ಇಲ್ಲದ ಗುಂಪಿನಲ್ಲಿ 31%. ಒಳ್ಳೆಯ ಫಲವೇ. ಆದರೆ ತರಬೇತಿ ಪಡೆದವರ ಕೈಯಲ್ಲಿ ಹೆರಿಗೆ ಮಾಡಿಸಿಕೊಳ್ಳುವ ವಿಷಯಕ್ಕೆ ಬಂದಾಗ ಪಟ್ಟಣದ ಹೆಂಗಸರಿಗೆ ಸಿಕ್ಕ ಲಾಭ ಹಳ್ಳಿಯವರಿಗೆ ಸಿಗಲಿಲ್ಲ. ಸಂದೇಶ ಒಂದೇ ಹಳ್ಳಿಯ ಹೆಂಗಸನ್ನು ಆಸ್ಪತ್ರೆ ಮುಟ್ಟಿಸುವುದಿಲ್ಲ; ನನ್ನ ಮಟ್ಟಿಗೆ ಈ ಇಡೀ ಕೆಲಸದ ಪಾಠ ಇದೇ. ಕೆಳಗಿನ ಹಂತಗಳನ್ನು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಜೋಡಿಸಿದ್ದೇನೆ.

ಶುರು ಮಾಡುವ ಮೊದಲು ಏನೇನು ಬೇಕು

ಒಂದು ದಪ್ಪ ನೋಟ್‌ಬುಕ್. ಕರೆ ಬಂದರೆ ಎತ್ತಲು ಮೀಸಲಾದ ಒಂದು ಫೋನ್ ನಂಬರ್. ಅದನ್ನು ಸರದಿಯಲ್ಲಿ ಹಿಡಿಯಲು ಕನಿಷ್ಠ ಇಬ್ಬರು. ಹತ್ತಿರದ ಆರೋಗ್ಯ ಕೇಂದ್ರದ ಒಬ್ಬ ನರ್ಸ್ ಅಥವಾ ವೈದ್ಯರ ಒಪ್ಪಿಗೆ. ತೋಳಿಗೆ ಕಟ್ಟುವ ಒಂದು ಡಿಜಿಟಲ್ ಬಿಪಿ ಯಂತ್ರ ಇದ್ದರೆ ಒಳ್ಳೆಯದು. ಕಂಪ್ಯೂಟರ್ ಇಲ್ಲದಿದ್ದರೂ ನಡೆಯುತ್ತದೆ.

ನರ್ಸ್ ಒಪ್ಪಿಗೆ ಇಲ್ಲದೆ ಮಾತ್ರ ಹೊರಡಬೇಡಿ. ನೀವು ಕೊಡುವುದು ನೆನಪು ಮತ್ತು ಸಂಪರ್ಕ. ಮಾತ್ರೆ, ಚುಚ್ಚುಮದ್ದು, "ಏನೂ ಆಗಲ್ಲ ಬಿಡಿ" ಎಂಬ ಧೈರ್ಯ, ಇವು ನಿಮ್ಮ ಕೆಲಸವಲ್ಲ.

ಹಂತ 1: ಫೋನ್ ಯಾರ ಜೇಬಿನಲ್ಲಿದೆ ನೋಡಿ

ಮನೆ ಮನೆಗೆ ಹೋಗಿ ನಂಬರ್ ಬರೆದುಕೊಂಡು ಬರುವುದು ಸುಲಭ. ಆ ನಂಬರ್ ಯಾರದು ಎಂದು ಕೇಳದೆ ಬಂದರೆ ಅರ್ಧ ಕೆಲಸ ವ್ಯರ್ಥ. ಎಷ್ಟೋ ಮನೆಗಳಲ್ಲಿ ಇರುವ ಒಂದೇ ಫೋನ್ ಬೆಳಿಗ್ಗೆ ಗಂಡನ ಜೇಬು ಸೇರಿದರೆ ಮನೆಗೆ ಬರುವುದು ಸಂಜೆ ಏಳಕ್ಕೆ. ನಿಮ್ಮ ಹನ್ನೊಂದು ಗಂಟೆಯ ಕರೆ ಆಕೆಯ ಕಿವಿಗೆ ಬೀಳುವುದೇ ಇಲ್ಲ.

ಪ್ರತಿಯೊಬ್ಬರಿಗೂ ಈ ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳಿ:

- ಫೋನ್ ನಿಮ್ಮದೇನಾ, ಮನೆಯವರದಾ?
- ದಿನದ ಯಾವ ಹೊತ್ತಿನಲ್ಲಿ ನಿಮ್ಮ ಕೈಯಲ್ಲಿ ಇರುತ್ತದೆ?
- ಬಟನ್ ಫೋನಾ, ಸ್ಮಾರ್ಟ್‌ಫೋನಾ? ಸ್ಮಾರ್ಟ್‌ಫೋನ್ ಆದರೆ ಡೇಟಾ ಯಾವಾಗಲೂ ಇರುತ್ತಾ?
- ಓದೋಕೆ ಇಷ್ಟವಾ, ಕೇಳೋಕೆ ಇಷ್ಟವಾ?
- ಈ ಫೋನ್ ಸಿಗದಿದ್ದರೆ ಯಾರಿಗೆ ಕರೆ ಮಾಡಬೇಕು?

"ಓದೋಕೆ ಬರುತ್ತಾ?" ಎಂದು ಕೇಳಬೇಡಿ. ಬಾರದವರು ಬರುತ್ತದೆ ಎಂದುಬಿಡುತ್ತಾರೆ. ಇಷ್ಟ ಯಾವುದು ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ.

ಒಪ್ಪಿಗೆ ಕೇಳುವುದೂ ಇಲ್ಲೇ. ಏನು ಕಳಿಸುತ್ತೀರಿ, ಯಾರು ನೋಡುತ್ತಾರೆ, ಬೇಡ ಎಂದರೆ ಹೇಗೆ ನಿಲ್ಲಿಸಬಹುದು ಎಂದು ಆಕೆಗೇ ಹೇಳಿ. ಆದರೆ ಒಬ್ಬಳೇ ಇದ್ದಾಗ ಹೇಳಿ. ಮನೆಯವರೆಲ್ಲ ಕೂತಿರುವಾಗ ಯಾರು ತಾನೇ ಬೇಡ ಅನ್ನುತ್ತಾರೆ?

ಎಚ್ಚರಿಕೆ: ಕೆಲವರು ಬಸಿರನ್ನು ಮೊದಲ ತಿಂಗಳುಗಳಲ್ಲಿ ಯಾರಿಗೂ ಹೇಳಿರುವುದಿಲ್ಲ. ಮನೆಯಲ್ಲಿ ಹೊಡೆತ ತಿನ್ನುವವರೂ ಇರುತ್ತಾರೆ. ಹಂಚಿಕೊಂಡ ಫೋನಿಗೆ "ನಿಮಗೀಗ ಎರಡು ತಿಂಗಳು" ಎಂಬ ಸಂದೇಶ ಹೋದರೆ ಆಕೆಗೆ ತೊಂದರೆಯಾದೀತು. ಅಂಥವರಿಗೆ ಸಂದೇಶ ಬೇಡವೇ ಬೇಡ. ಕಾರ್ಯಕರ್ತೆ ನೇರವಾಗಿ ಭೇಟಿಯಾಗಲಿ.

ಹಂತ 2: ದಿನಗಳ ಪಟ್ಟಿ ಮಾಡಿ

ಇಡೀ ವ್ಯವಸ್ಥೆಯ ಬೆನ್ನೆಲುಬು ಇದು. ಕೊನೆಯ ಮುಟ್ಟು ಶುರುವಾದ ದಿನ ಗೊತ್ತಾದರೆ ಉಳಿದದ್ದೆಲ್ಲ ಲೆಕ್ಕ. ಆ ದಿನಕ್ಕೆ 280 ದಿನ, ಅಂದರೆ 40 ವಾರ, ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಬಸಿರಿನಲ್ಲಿ ಕನಿಷ್ಠ 8 ಬಾರಿ ತಪಾಸಣೆ ಆಗಬೇಕು ಎಂದು ಹೇಳುತ್ತಿದೆ: 12ನೇ ವಾರದೊಳಗೆ ಮೊದಲನೆಯದು, ಆಮೇಲೆ 20, 26, 30, 34, 36, 38 ಮತ್ತು 40ನೇ ವಾರ. ನಿಮ್ಮ ಆರೋಗ್ಯ ಕೇಂದ್ರದ ಪಟ್ಟಿ ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ಎರಡೆರಡು ಪಟ್ಟಿ ಆದರೆ ಆಕೆ ಗೊಂದಲಕ್ಕೆ ಬೀಳುತ್ತಾಳೆ.

ಒಂದು ಸಾಲು ಮಾಡಿ ತೋರಿಸುತ್ತೇನೆ. ಕೊನೆಯ ಮುಟ್ಟು ಮಾರ್ಚ್ 10ಕ್ಕೆ ಶುರುವಾಗಿತ್ತು ಅಂದುಕೊಳ್ಳಿ. 12 ವಾರ ತುಂಬುವುದು ಜೂನ್ 2ಕ್ಕೆ, 20 ವಾರ ಜುಲೈ 28, 26 ವಾರ ಸೆಪ್ಟೆಂಬರ್ 8, 30 ವಾರ ಅಕ್ಟೋಬರ್ 6, 34 ವಾರ ನವೆಂಬರ್ 3, 36 ವಾರ ನವೆಂಬರ್ 17, 38 ವಾರ ಡಿಸೆಂಬರ್ 1. ಹೆರಿಗೆಯ ಅಂದಾಜು ದಿನ ಡಿಸೆಂಬರ್ 15. ನೋಟ್‌ಬುಕ್ಕಿನಲ್ಲಿ ಒಬ್ಬರಿಗೆ ಒಂದು ಸಾಲು, ಪ್ರತಿ ದಿನಾಂಕಕ್ಕೆ ಒಂದು ಮನೆ (ಚೌಕ). ಬಂದರೆ ಆ ಮನೆಯಲ್ಲಿ ಗುರುತು ಹಾಕಿ. ಬಾರದಿದ್ದರೆ ಕಾರಣ ಬರೆಯಿರಿ.

ಎಕ್ಸೆಲ್ ಬರುವವರು ಶೀಟ್ ಮಾಡಿಕೊಳ್ಳಿ. ಮುಟ್ಟಿನ ದಿನಾಂಕ ಇರುವ ಮನೆಗೆ 84, 140, 182 ಹೀಗೆ (ವಾರಗಳನ್ನು 7ರಿಂದ ಗುಣಿಸಿದ ದಿನ) ಕೂಡಿಸುವ ಸೂತ್ರ ಹಾಕಿದರೆ ದಿನಗಳು ತಾವೇ ಬರುತ್ತವೆ. ಬರದವರು ಫೋನಿನ ಕ್ಯಾಲೆಂಡರಿನಲ್ಲಿ ಎರಡು ದಿನ ಮುಂಚೆ ಅಲಾರಂ ಇಟ್ಟುಕೊಂಡರೂ ಸಾಕು.

ಇಲ್ಲಿ ಎಲ್ಲರೂ ಎಡವುವುದು ಮುಟ್ಟಿನ ದಿನದಲ್ಲೇ. "ಎರಡು ತಿಂಗಳ ಹಿಂದೆ ಇರಬಹುದು" ಎಂಬ ಉತ್ತರವನ್ನು ದಿನಾಂಕವಾಗಿ ಬರೆದುಬಿಡಬೇಡಿ. ಹಬ್ಬಕ್ಕಿಂತ ಮುಂಚೆಯಾ, ಆಮೇಲೆಯಾ, ಯಾವ ಮದುವೆಯ ಹೊತ್ತಿಗೆ ಎಂದು ಕೇಳುತ್ತಾ ಹೋದರೆ ನೆನಪಾಗುತ್ತದೆ. ಆದರೂ ಸಿಗದಿದ್ದರೆ ಸ್ಕ್ಯಾನಿಂಗ್ ಹೇಳಿದ ದಿನವೇ ಗಟ್ಟಿ. 24 ವಾರಕ್ಕಿಂತ ಮುಂಚೆ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಈ ಲೆಕ್ಕ ಹೆಚ್ಚು ಸರಿ ಬರುತ್ತದೆ. ತಡವಾದಷ್ಟೂ ಅಂದಾಜು ಸಡಿಲವಾಗುತ್ತದೆ.

ಹಂತ 3: ದಾರಿ ಆರಿಸಿ: ಕರೆ, ಎಸ್‌ಎಂಎಸ್, ಇಲ್ಲವೇ ಆ್ಯಪ್

ನನ್ನ ಓಟು ಯಾವಾಗಲೂ ದನಿಗೆ. ಬಟನ್ ಫೋನಿಗೂ ಹೋಗುತ್ತದೆ, ಓದಲು ಬಾರದವರಿಗೂ ಮುಟ್ಟುತ್ತದೆ, ಕೇಳಿದವರು ಮತ್ತೆ ಪ್ರಶ್ನೆ ಕೇಳಬಹುದು. ಮೂವತ್ತು ನಲವತ್ತು ಜನ ಇರುವ ಕಡೆ ನೇರ ಕರೆಯನ್ನು ಮೀರಿಸಿದ್ದು ಇಲ್ಲ.

ಜನ ಜಾಸ್ತಿಯಾದರೆ ರೆಕಾರ್ಡ್ ಮಾಡಿದ ದನಿಯನ್ನು ತಾನಾಗಿ ಕರೆ ಮಾಡಿ ಕೇಳಿಸುವ ವ್ಯವಸ್ಥೆ ಇದೆ. ಇದಕ್ಕೆ ಐವಿಆರ್ ಎನ್ನುತ್ತಾರೆ. ಬ್ಯಾಂಕಿಗೆ ಕರೆ ಮಾಡಿದಾಗ "ಒಂದನ್ನು ಒತ್ತಿ" ಎನ್ನುತ್ತದಲ್ಲ, ಅದೇ. ಭಾರತದಲ್ಲಿ 2016ರಿಂದ ನಡೆಯುತ್ತಿರುವ ಕಿಲ್ಕಾರಿ ಸೇವೆ ಈ ರೀತಿಯದು. ಬಸಿರಿನ ನಾಲ್ಕನೇ ತಿಂಗಳಿಂದ ಮಗುವಿಗೆ ಒಂದು ವರ್ಷ ಆಗುವವರೆಗೆ ವಾರಕ್ಕೊಂದು ಕರೆ, ಒಟ್ಟು 72 ಸಂದೇಶ, ಕೇಳುವವರಿಗೆ ಖರ್ಚಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 2014ರಲ್ಲಿ ಶುರುವಾದ ಮಾಮ್‌ಕನೆಕ್ಟ್ ಎಸ್‌ಎಂಎಸ್ ಮೂಲಕ ಹೊರಟಿತು. ತಾಯಂದಿರು ತಿರುಗಿ ಪ್ರಶ್ನೆ ಕೇಳಲು ಅದರಲ್ಲಿ ಒಂದು ಸಹಾಯ ಕೇಂದ್ರವನ್ನೂ ಇಟ್ಟರು. ನಿಮ್ಮಲ್ಲೂ ಇಂಥ ಸರ್ಕಾರಿ ಸೇವೆ ಇದೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ ಹೊಸದು ಕಟ್ಟುವ ಬದಲು ಎಲ್ಲರ ಹೆಸರನ್ನೂ ಅದಕ್ಕೆ ಸೇರಿಸಿ. ನೀವು ತಪಾಸಣೆಯ ದಿನದ ನೆನಪು ಮತ್ತು ಗಾಡಿಯ ಕೆಲಸ ಮಾಡಿ.

ಎಸ್‌ಎಂಎಸ್ ಕಳಿಸುವವರಿಗೆ ಒಂದು ಮಾತು. ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಯುತ್ತದೆ. ಕನ್ನಡ ಲಿಪಿಯಲ್ಲಿ 70 ಮಾತ್ರ. ಗುಣಿತ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. "ಬೆಳಿಗ್ಗೆ" ಎಂಬುದು ಕಣ್ಣಿಗೆ ಮೂರಕ್ಷರ, ಎಣಿಕೆಗೆ 8. ಹಾಗಾಗಿ ಬಿಗಿಯಾಗಿ ಬರೆಯಬೇಕು:

"ನಾಳೆ ಬೆಳಿಗ್ಗೆ 10ಕ್ಕೆ ಚೆಕಪ್. ಕಾರ್ಡ್ ತನ್ನಿ. ಆಗದಿದ್ರೆ ಮಿಸ್ಡ್ ಕಾಲ್ ಕೊಡಿ"

ಇದು 67 ಅಕ್ಷರ. ಒಂದೇ ಎಸ್‌ಎಂಎಸ್‌ನಲ್ಲಿ ಹೋಗುತ್ತದೆ. ಬಸಿರು ಎಂಬ ಮಾತು ಇದರಲ್ಲಿಲ್ಲ, ನೋಡಿದಿರಾ? ಯಾರ ಕೈಗೆ ಫೋನ್ ಸಿಕ್ಕರೂ ತೊಂದರೆಯಿಲ್ಲ. ಮಿಸ್ಡ್ ಕಾಲ್ ಬಂದರೆ ನೀವು ತಿರುಗಿ ಕರೆ ಮಾಡಬೇಕು. ಆಕೆಯ ದುಡ್ಡು ಖರ್ಚಾಗಬಾರದು.

ಆ್ಯಪ್ ಯಾವಾಗ? ಹಲವು ಹಳ್ಳಿ, ಹಲವು ಕಾರ್ಯಕರ್ತೆಯರು, ನೂರಾರು ಹೆಸರು ಆದಾಗ. ಆಗಲೂ ಅದು ಕಾರ್ಯಕರ್ತೆಯ ಫೋನಿನಲ್ಲಿ ಇರಲಿ, ಗರ್ಭಿಣಿಯ ಫೋನಿನಲ್ಲಿ ಅಲ್ಲ. ಕಾಮ್‌ಕೇರ್, ಡಿಎಚ್ಐಎಸ್2 ಎಂಬ ಆ್ಯಪ್‌ಗಳನ್ನು ಅನೇಕ ದೇಶಗಳಲ್ಲಿ ಬಳಸುತ್ತಿದ್ದಾರೆ. ನೆಟ್‌ವರ್ಕ್ ಇಲ್ಲದಾಗಲೂ ಬರೆದಿಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಕಳಿಸುತ್ತವೆ. ಈ ಗುಣ ಇಲ್ಲದ ಆ್ಯಪ್ ಹಳ್ಳಿಗೆ ಬೇಡ.

ಎಲ್ಲ ಗರ್ಭಿಣಿಯರನ್ನೂ ಸೇರಿಸಿ ಒಂದು ವಾಟ್ಸ್ಆ್ಯಪ್ ಗುಂಪು ಮಾಡುವುದೂ ಬೇಡ. ಒಬ್ಬರ ನಂಬರ್, ಒಬ್ಬರ ಸ್ಥಿತಿ ಎಲ್ಲರಿಗೂ ಗೊತ್ತಾಗುತ್ತದೆ. ಯಾರೋ ಫಾರ್ವರ್ಡ್ ಮಾಡಿದ ಮನೆಮದ್ದು ನರ್ಸ್ ಮಾತಿಗಿಂತ ಮೊದಲು ಮುಟ್ಟುತ್ತದೆ. ಹಾಗೆಯೇ, ಫೋನಿನ ಮೈಕಿನಿಂದ ಮಗುವಿನ ಎದೆಬಡಿತ ಕೇಳಿಸುತ್ತೇವೆ ಎನ್ನುವ ಆ್ಯಪ್‌ಗಳನ್ನು ನಂಬಬೇಡಿ. ಮಗು ಒದೆಯುವುದು ಕಡಿಮೆಯಾದಾಗ ಇವುಗಳ ಸದ್ದು ಕೇಳಿ ಸಮಾಧಾನ ಮಾಡಿಕೊಂಡು ಕೂತರೆ ಬೆಲೆಯುಳ್ಳ ಗಂಟೆಗಳು ಕಳೆದುಹೋಗುತ್ತವೆ.

ಹಂತ 4: ಸಂದೇಶ ತಯಾರಿಸಿ

ಒಂದು ಸಂದೇಶಕ್ಕೆ ಒಂದೇ ವಿಷಯ, ಮಾಡಬೇಕಾದ ಒಂದೇ ಕೆಲಸ. ರೆಕಾರ್ಡ್ ಆದರೆ ಒಂದು ನಿಮಿಷದೊಳಗೆ ಮುಗಿಸಿ. ಅದೇ ಊರಿನ ಮಾತಿನ ಧಾಟಿ ಇರುವ ಹೆಂಗಸಿನ ದನಿ ಇರಲಿ.

"ಗರ್ಭಿಣಿಯರಲ್ಲಿ ರಕ್ತಹೀನತೆಯನ್ನು ತಡೆಗಟ್ಟಲು ಕಬ್ಬಿಣಾಂಶದ ಮಾತ್ರೆಗಳನ್ನು ಸೇವಿಸತಕ್ಕದ್ದು" ಎಂದರೆ ಕೇಳುವವರು ಫೋನ್ ಇಡುತ್ತಾರೆ. ಹೀಗೆ ಹೇಳಿ ನೋಡಿ: "ಅಕ್ಕಾ, ಕಬ್ಬಿಣದ ಮಾತ್ರೆ ನುಂಗಿದಾಗ ಮಲ ಕಪ್ಪಗಾಗುತ್ತೆ. ಹೆದರಬೇಡಿ, ಅದು ಮಾತ್ರೆಯಿಂದ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ನಂತರ ನುಂಗಿ. ಟೀ ಕಾಫಿ ಜೊತೆ ಬೇಡ. ನಿಲ್ಲಿಸೋ ಮೊದಲು ನಮಗೊಂದು ಮಿಸ್ಡ್ ಕಾಲ್ ಕೊಡಿ." ಮಾತ್ರೆ ಬಿಡುವವರು ಬಿಡುವುದೇ ಮಲ ಕಪ್ಪಾಯಿತು, ವಾಂತಿ ಬಂತು ಎಂಬ ಕಾರಣಕ್ಕೆ. ಅದನ್ನು ಮೊದಲೇ ಹೇಳಿದರೆ ಮುಂದುವರಿಸುತ್ತಾರೆ.

ಎಲ್ಲ ಸಂದೇಶಗಳನ್ನೂ ನರ್ಸ್‌ಗೆ ಕೇಳಿಸಿ. ಆಮೇಲೆ ಇಬ್ಬರು ಮೂವರು ಗರ್ಭಿಣಿಯರಿಗೆ ಕೇಳಿಸಿ, "ಏನು ಅರ್ಥವಾಯಿತು ಹೇಳಿ" ಅನ್ನಿ. ಅವರು ತಿರುಗಿ ಹೇಳಿದ್ದು ನೀವು ಹೇಳಿದ್ದಕ್ಕೆ ತಾಳೆಯಾಗದಿದ್ದರೆ ಸಂದೇಶ ಬದಲಿಸಿ.

ಈ ಹಂತದಲ್ಲಿ ಆಗುವ ಅತಿ ದೊಡ್ಡ ತಪ್ಪಿನ ಬಗ್ಗೆ ಬಿಡಿಸಿ ಹೇಳಲೇಬೇಕು. ಬಸಿರು ಇಳಿದುಹೋಗಬಹುದು. ಮಗು ಹೊಟ್ಟೆಯಲ್ಲೇ ಹೋಗಬಹುದು. ಪಟ್ಟಿಯಲ್ಲಿ ಬದಲಾಯಿಸದಿದ್ದರೆ ನಿಮ್ಮ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಮುಂದಿನ ಮಂಗಳವಾರ ಅದೇ ಖುಷಿಯ ದನಿಯಲ್ಲಿ "ನಿಮ್ಮ ಮಗು ಈಗ ಒದೆಯುತ್ತಿರಬೇಕು, ಅಲ್ವಾ?" ಎಂದು ಆಕೆಯ ಕಿವಿಯಲ್ಲಿ ಹೇಳುತ್ತದೆ. ಆ ತಾಯಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಇದನ್ನು ತಪ್ಪಿಸುವುದು ಕಷ್ಟವೇನಲ್ಲ. ಸುದ್ದಿ ಬಂದ ದಿನವೇ ಸಂದೇಶ ನಿಲ್ಲಿಸಲು ಒಬ್ಬರನ್ನು ಜವಾಬ್ದಾರರನ್ನಾಗಿ ಮಾಡಿ. ಎರಡು ಕರೆ ಎತ್ತದಿದ್ದರೆ ಮೂರನೆಯದನ್ನು ಯಂತ್ರ ಮಾಡಬಾರದು, ಕಾರ್ಯಕರ್ತೆ ಮನೆಗೆ ಹೋಗಿ ನೋಡಬೇಕು. ಹೋದ ಮೇಲೆ ಆಕೆಯ ಆರೋಗ್ಯವನ್ನೂ ವಿಚಾರಿಸಿ. ಮಗು ಉಳಿಯದಿದ್ದರೂ ಆಕೆಗೆ ರಕ್ತಸ್ರಾವ, ನಂಜು, ಜ್ವರದ ಅಪಾಯ ಇದ್ದೇ ಇರುತ್ತದೆ.

ಹಂತ 5: ಅಪಾಯದ ಗುರುತುಗಳು ಬಾಯಿಪಾಠ ಆಗಲಿ

ಈ ಪಟ್ಟಿಯಲ್ಲಿ ಒಂದು ಕಂಡರೂ ಕಾಯಬಾರದು, ನೇರ ಆಸ್ಪತ್ರೆ:

- ಕೆಳಗಿನಿಂದ ರಕ್ತ ಹೋಗುವುದು
- ವಿಪರೀತ ತಲೆನೋವು, ಕಣ್ಣು ಮಂಜಾಗುವುದು
- ಫಿಟ್ಸ್
- ಮುಖ, ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು
- ಜೋರು ಹೊಟ್ಟೆನೋವು
- ಜ್ವರ ಬಂದು ಏಳಲೂ ಆಗದಷ್ಟು ನಿಶ್ಶಕ್ತಿ
- ಉಸಿರಾಡಲು ಕಷ್ಟ
- ಮಗುವಿನ ಓಡಾಟ ಕಡಿಮೆಯಾಗುವುದು ಅಥವಾ ನಿಲ್ಲುವುದು
- ನೋವು ಬರುವ ಮುಂಚೆಯೇ ನೀರು ಹೋಗುವುದು

ಇದನ್ನು ಆಕೆಗೆ ಮಾತ್ರ ಹೇಳಿದರೆ ಸಾಲದು. ಆಸ್ಪತ್ರೆಗೆ ಹೊರಡುವ ತೀರ್ಮಾನ ಹೆಚ್ಚಾಗಿ ಗಂಡನದು, ಅತ್ತೆಯದು. ಆಕೆ ಒಪ್ಪಿದರೆ ಅವರಿಗೂ ಇದೇ ಪಟ್ಟಿಯನ್ನು ದನಿಯಲ್ಲಿ ಕಳಿಸಿ. ಜೊತೆಗೆ ದೊಡ್ಡ ಅಕ್ಷರದಲ್ಲಿ, ಚಿತ್ರ ಸಮೇತ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ. ಫೋನ್ ಚಾರ್ಜ್ ಹೋದಾಗಲೂ ಗೋಡೆ ಇರುತ್ತದೆ.

ಬಿಪಿ ಯಂತ್ರ ಇದ್ದರೆ ಬಳಸುವ ಕ್ರಮ ಹೀಗೆ. ಮೂತ್ರಕ್ಕೆ ಹೋಗಿ ಬಂದು ಐದು ನಿಮಿಷ ಸುಮ್ಮನೆ ಕೂರಲಿ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ಯಂತ್ರದ ತೋಳುಪಟ್ಟಿಯನ್ನು ಬಟ್ಟೆಯ ಮೇಲೆ ಕಟ್ಟಬೇಡಿ. ಅಳೆಯುವಾಗ ಮಾತು ಬೇಡ. ತೋಳು ದಪ್ಪ ಇದ್ದವರಿಗೆ ದೊಡ್ಡ ಪಟ್ಟಿಯೇ ಬೇಕು, ಚಿಕ್ಕದು ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಯಂತ್ರ ಕೊಳ್ಳುವಾಗ ಗರ್ಭಿಣಿಯರಲ್ಲಿ ಪರೀಕ್ಷಿಸಿ ಒಪ್ಪಿದ ಮಾದರಿಯೇ ಎಂದು ಕೇಳಿ. ಎಲ್ಲ ಯಂತ್ರಗಳೂ ಬಸಿರಿನಲ್ಲಿ ಸರಿಯಾಗಿ ಅಳೆಯುವುದಿಲ್ಲ.

140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, ಅದೇ ಬಂದರೆ ಅವತ್ತೇ ನರ್ಸ್‌ಗೆ ಕರೆ. 160/110 ಮುಟ್ಟಿದರೆ ಅಥವಾ ಬಿಪಿ ಜೊತೆ ತಲೆನೋವು, ಕಣ್ಣು ಮಂಜು ಇದ್ದರೆ ಗಾಡಿ ಹತ್ತಿಸಿ. 20 ವಾರದ ನಂತರ ಹೀಗೆ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವುದನ್ನೋ ಬೇರೆ ಅಂಗಗಳಿಗೆ ತೊಂದರೆಯಾಗುವುದನ್ನೋ ಗರ್ಭನಂಜು ಎನ್ನುತ್ತಾರೆ. ಮೊದಮೊದಲು ಆಕೆಗೆ ಏನೂ ಅನ್ನಿಸದೇ ಇರಬಹುದು, ಅದಕ್ಕೇ ಅಳೆಯಬೇಕು.

ಹಂತ 6: ಗಾಡಿಯ ಸರಪಣಿ ಕಟ್ಟಿ

ಜಾಂಜಿಬಾರ್ ಮಾತು ನೆನಪಿದೆಯಲ್ಲ, ಅದು ಕೆಲಸಕ್ಕೆ ಬರುವುದು ಇಲ್ಲಿ. ಆಂಬುಲೆನ್ಸ್ ನಂಬರ್ ಒಂದು. ಅದು ಬಾರದಿದ್ದರೆ ಊರಿನಲ್ಲೇ ಗಾಡಿ ಇರುವ ಇಬ್ಬರ ನಂಬರ್. ಹೋಗುವ ಆಸ್ಪತ್ರೆಯ ಹೆರಿಗೆ ವಾರ್ಡಿನ ನಂಬರ್. ಆಕೆಯ ರಕ್ತದ ಗುಂಪು, ರಕ್ತ ಕೊಡಲು ಒಪ್ಪಿದ ಇಬ್ಬರ ಹೆಸರು. ಇಷ್ಟನ್ನೂ 34ನೇ ವಾರದೊಳಗೆ ಬರೆದು ಆಕೆಯ ಕಾರ್ಡಿಗೆ ಪಿನ್ ಮಾಡಿ.

ಗಾಡಿ ಹೊರಟ ತಕ್ಷಣ ಆಸ್ಪತ್ರೆಗೆ ಒಂದು ಕರೆ ಮಾಡಿ: ಎಷ್ಟು ವಾರ, ಏನಾಗಿದೆ, ಬಿಪಿ ಎಷ್ಟು, ರಕ್ತದ ಗುಂಪು ಯಾವುದು, ಎಷ್ಟು ಹೊತ್ತಿಗೆ ಮುಟ್ಟುತ್ತಾರೆ. ಈ ಅರ್ಧ ನಿಮಿಷದ ಕರೆ ಮೂರನೆಯ ತಡವನ್ನು ಕಡಿಮೆ ಮಾಡುತ್ತದೆ. ಆ ಆಸ್ಪತ್ರೆಯಲ್ಲಿ ವೈದ್ಯರಿಲ್ಲ ಎಂದಾದರೆ ದಾರಿಯಲ್ಲೇ ಗಾಡಿ ತಿರುಗಿಸಬಹುದು.

ಬರೆದ ನಂಬರ್ ಕೆಲಸ ಮಾಡುತ್ತದೆ ಎಂದು ನಂಬಬೇಡಿ. ಗಾಡಿಯವರಿಗೆ ಮೊದಲೇ ತಿಳಿಸಿ, ಒಂದು ರಾತ್ರಿ ಎರಡು ಗಂಟೆಗೆ ಕರೆ ಮಾಡಿ ನೋಡಿ. ಎಷ್ಟನೇ ರಿಂಗಿಗೆ ಎತ್ತಿದರು, ಡೀಸೆಲ್ ಇತ್ತಾ, ಬೀಗದ ಕೈ ಯಾರ ಹತ್ತಿರ ಇತ್ತು, ಎಲ್ಲ ಗೊತ್ತಾಗುತ್ತದೆ. ಸಿಗ್ನಲ್ ಬರದ ಮನೆಗಳನ್ನು ಗುರುತು ಮಾಡಿ. ಅಲ್ಲಿಂದ ಓಡಿ ಬಂದು ಹೇಳುವವರು ಯಾರು ಎಂದೂ ಬರೆದಿಡಿ.

ಹಂತ 7: ತಿಂಗಳಿಗೊಮ್ಮೆ ಲೆಕ್ಕ ನೋಡಿ

ಎಷ್ಟು ಸಂದೇಶ ಕಳಿಸಿದಿರಿ ಎಂಬ ಲೆಕ್ಕ ಬೇಡ. ಎಷ್ಟು ಜನ ಬರಬೇಕಿತ್ತು, ಎಷ್ಟು ಜನ ಬಂದರು, ಬಾರದವರು ಯಾಕೆ ಬರಲಿಲ್ಲ? ಸಾಲಾಗಿ ಮೂವರು "ಬಸ್ಸಿರಲಿಲ್ಲ" ಎಂದಿದ್ದರೆ ಹೊಸ ಸಂದೇಶ ಬೇಡ, ತಪಾಸಣೆಯ ಹೊತ್ತು ಬದಲಿಸಲು ನರ್ಸ್ ಹತ್ತಿರ ಮಾತಾಡಿ. ನಂಬರ್ ಬದಲಾದವರನ್ನೂ ಆಗಲೇ ಸರಿಪಡಿಸಿ. ನೋಟ್‌ಬುಕ್ ಬೀಗ ಹಾಕಿದ ಕಡೆ, ಶೀಟ್ ಪಾಸ್‌ವರ್ಡ್ ಹಾಕಿದ ಫೋನಿನಲ್ಲಿ ಇರಲಿ. ಯಾರ ಹಾಳೆಯ ಫೋಟೊವೂ ಹೊರಗೆ ಹೋಗಬಾರದು.

ಹಂತ 8: ಹೆರಿಗೆ ಆಯಿತೆಂದು ನಿಲ್ಲಿಸಬೇಡಿ

ಬಹಳ ಕಡೆ ಕರೆಗಳು ಇಲ್ಲಿಗೆ ನಿಂತುಬಿಡುತ್ತವೆ, ಇಲ್ಲವೇ ಪೂರ್ತಿ ಮಗುವಿನ ಕಡೆ ತಿರುಗುತ್ತವೆ. ಆದರೆ ರಕ್ತಸ್ರಾವದ ಅಪಾಯ ಅತಿ ಹೆಚ್ಚು ಇರುವುದು ಹೆರಿಗೆಯ ನಂತರದ ಮೊದಲ 24 ಗಂಟೆಯಲ್ಲೇ. ಆ ದಿನ ಕಳೆದ ಮೇಲೆ ಬಾಣಂತಿಯನ್ನು ಎರಡು ಮೂರನೇ ದಿನ, ಎರಡನೇ ವಾರ, ಮತ್ತೆ ಆರನೇ ವಾರದಲ್ಲಿ ಆರೋಗ್ಯ ಸಿಬ್ಬಂದಿ ನೋಡಬೇಕು. ಈ ದಿನಗಳನ್ನೂ ಪಟ್ಟಿಗೆ ಸೇರಿಸಿ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವುದು, ಜ್ವರ, ಕೆಟ್ಟ ವಾಸನೆಯ ಸ್ರಾವ, ಎದೆ ಅಥವಾ ಕಾಲಿನಲ್ಲಿ ನೋವು ಮತ್ತು ಊತ, ಜೋರು ತಲೆನೋವು, ಫಿಟ್ಸ್ ಕಂಡರೆ ತಕ್ಷಣ ಆಸ್ಪತ್ರೆ. ಗರ್ಭನಂಜು ಹೆರಿಗೆಯ ನಂತರವೂ ಬರುತ್ತದೆ.

ಈ ಕರೆಗಳಲ್ಲಿ ಮಗುವಿನ ವಿಷಯ ಎರಡನೆಯದಾಗಲಿ. ಮೊದಲು "ನೀವು ಹೇಗಿದ್ದೀರಿ? ನಿದ್ದೆ ಬರುತ್ತಾ? ಮನಸ್ಸು ಹೇಗಿದೆ?" ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಎರಡು ವಾರಕ್ಕಿಂತ ಜಾಸ್ತಿ ಅಳು, ಬೇಸರ ಮುಂದುವರಿದಿದ್ದರೆ ನರ್ಸ್‌ಗೆ ತಿಳಿಸಿ. ಬದುಕುವುದೇ ಬೇಡ ಅಥವಾ ಮಗುವಿಗೆ ಏನಾದರೂ ಮಾಡಿಬಿಡುತ್ತೇನೇನೋ ಎಂಬ ಮಾತು ಬಂದರೆ ಫೋನ್ ಇಡಬೇಡಿ. ಇನ್ನೊಬ್ಬರಿಂದ ಮನೆಯವರಿಗೆ ಸುದ್ದಿ ಮುಟ್ಟಿಸಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಆರನೇ ವಾರದ ತಪಾಸಣೆ ಮುಗಿದ ದಿನ ಕೊನೆಯ ಕರೆ ಮಾಡಿ. ಮುಂದೆಯೂ ನಂಬರ್ ಇಟ್ಟುಕೊಳ್ಳಬಹುದಾ ಎಂದು ಕೇಳಿ. ಬೇಡ ಎಂದರೆ ಫೋನಿನಿಂದ, ಶೀಟಿನಿಂದ ಎರಡರಿಂದಲೂ ಅಳಿಸಿ, ಅಳಿಸಿದ್ದೇವೆ ಎಂದು ಆಕೆಗೆ ಹೇಳಿ.